ಡಿಜಿಟಾಲಿಸ್: ಒಂದು ಮೂಲಿಕೆಯ ಚರಿತ್ರೆಯಲ್ಲಿ ಔಷಧವಿಜ್ಞಾನದ ಮೂಲತತ್ತ್ವಗಳು

೧

ಔಷಧವಿಜ್ಞಾನದ ಪಠ್ಯಪುಸ್ತಕವನ್ನು ತೆರೆದ ವೈದ್ಯವಿದ್ಯಾರ್ಥಿಗಳಿಗೆ ಮೊದಲ ಅಧ್ಯಾಯದಲ್ಲಿಯೇ ಎದುರಾಗುವುವು ಕೆಲವು ಮೂಲತತ್ತ್ವಗಳು. ಮೂಲಿಕೆಯ ಗುಣಕ್ಕೆ ಅದರೊಳಗಿನ ನಿರ್ದಿಷ್ಟವಾದ ದ್ರವ್ಯ ಕಾರಣ. ಪ್ರಮಾಣ ಬದಲಾದಂತೆ ಪರಿಣಾಮವೂ ಬದಲಾಗುತ್ತದೆ. ಗುಣಕೊಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ನಡುವೆ ಒಂದು ಅಂತರವುಂಟು. ಒಂದೇ ಪ್ರಮಾಣಕ್ಕೆ ಎಲ್ಲ ಜೀವಿಗಳೂ ಒಂದೇ ಬಗೆಯಾಗಿ ಪ್ರತಿಕ್ರಿಯೆ ತೋರುವುದಿಲ್ಲ. ದೇಹವು ಔಷಧವನ್ನು ತನ್ನದೇ ಆದ ವೇಗದಲ್ಲಿ ಹೊರಹಾಕುತ್ತದೆ. ಔಷಧವು ಜೀವಕೋಶದ ಗೊತ್ತಾದ ಒಂದು ಸ್ಥಾನವನ್ನು ಹಿಡಿದು ಕೆಲಸಮಾಡುತ್ತದೆ. ಈ ವಾಕ್ಯಗಳನ್ನು ವಿದ್ಯಾರ್ಥಿಗಳು ರೇಖಾಗಣಿತದ ಸ್ವಯಂಸಿದ್ಧಗಳಂತೆ ಭಾವಿಸಿ ಕಂಠಪಾಠ ಮಾಡುವುದು ರೂಢಿ.

ಆದರೆ ಇವು ಸ್ವಯಂಸಿದ್ಧಗಳಲ್ಲ. ಇವುಗಳಲ್ಲಿ ಒಂದೊಂದೂ ರೋಗಿಯ ಹಾಸಿಗೆಯ ಬಳಿ ಹುಟ್ಟಿದ ಒಂದೊಂದು ತೊಡಕಿಗೆ ದೊರೆತ ಉತ್ತರ. ತೊಡಕನ್ನು ಅರಿಯದೆ ಉತ್ತರವನ್ನಷ್ಟೇ ಕಲಿತವರಿಗೆ ಅದನ್ನು ಎಲ್ಲಿ ಅನ್ವಯಿಸಬೇಕೆಂಬುದು ತಿಳಿಯದು. ಈ ಮಾತನ್ನು ನಾವು ಪ್ರಕೃತ ಲೇಖನದಲ್ಲಿ ಒಂದೇ ಔಷಧದ ಚರಿತ್ರೆಯಿಂದ ಸ್ಪಷ್ಟಪಡಿಸಲು ಯತ್ನಿಸುತ್ತೇವೆ. ಆ ಔಷಧವೇ ಡಿಜಿಟಾಲಿಸ್. ಇದನ್ನು ಆರಿಸಿಕೊಳ್ಳಲು ಕಾರಣವುಂಟು. ಗುಣ ಮತ್ತು ವಿಷ ಇವೆರಡರ ನಡುವಣ ಅಂತರ ಇದರಲ್ಲಿರುವಷ್ಟು ಕಿರಿದಾಗಿ ಬಳಕೆಯಲ್ಲಿರುವ ಔಷಧಗಳಲ್ಲಿ ಬೇರೆ ಹೆಚ್ಚಿನವುಗಳಲ್ಲಿ ಇಲ್ಲ. ಆದುದರಿಂದಲೇ ಇದನ್ನು ಬಳಸಿದವರು ಪ್ರತಿ ಹೆಜ್ಜೆಯಲ್ಲಿಯೂ ಅಳತೆಯ ಪ್ರಶ್ನೆಯನ್ನು ಎದುರಿಸಲೇಬೇಕಾಯಿತು.

೨

ಯೂರೋಪಿನ ಕಾಡಂಚುಗಳಲ್ಲಿ ಬೆಳೆಯುವ, ನೇರಳೆಗೆಂಪಿನ ಹೂಗಳನ್ನು ಬಿಡುವ ಗಿಡವೊಂದನ್ನು ಇಂಗ್ಲಿಷಿನವರು ಫಾಕ್ಸ್‌ಗ್ಲವ್ ಎಂದು ಕರೆಯುತ್ತಾರೆ. ಬೆರಳಿಗೆ ತೊಡಿಸಬಹುದಾದ ಕುಲಾವಿಯಂತಿರುವ ಅದರ ಹೂವನ್ನು ನೋಡಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಲಿಯೊನ್‌ಹಾರ್ಟ್ ಫುಕ್ಸ್ ಎಂಬುವನು ೧೫೪೨ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಡಿಜಿಟಾಲಿಸ್ ಎಂಬ ಲ್ಯಾಟಿನ್ ಹೆಸರನ್ನು ಕೊಟ್ಟನು. ನಾಟಿವೈದ್ಯರು ಅದನ್ನು ಹಲವು ಬೇನೆಗಳಿಗೆ ಕೊಡುತ್ತಿದ್ದರು. ಅದು ವಿಷವೆಂಬುದೂ ಜನಕ್ಕೆ ತಿಳಿದಿದ್ದಿತು. ಆದರೆ ಅದರ ಉಪಯೋಗಕ್ಕೆ ಒಂದು ಕ್ರಮವಿರಲಿಲ್ಲ. ಕ್ರಮವನ್ನು ತಂದವನು ವಿಲಿಯಂ ವಿದರಿಂಗ್.

ವಿದರಿಂಗನು ೧೭೪೧ರಲ್ಲಿ ಇಂಗ್ಲೆಂಡಿನ ಷ್ರಾಪ್‌ಷೈರ್ ಪ್ರಾಂತದಲ್ಲಿ ಹುಟ್ಟಿದನು. ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣವನ್ನು ಪಡೆದು, ೧೭೭೫ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದು ನೆಲಸಿದನು. ಆ ವರ್ಷವೇ ಒಂದು ಮನೆತನದ ಔಷಧಯೋಗದ ಬಗೆಗೆ ಅವನ ಅಭಿಪ್ರಾಯವನ್ನು ಕೇಳಲಾಯಿತು. ಷ್ರಾಪ್‌ಷೈರಿನ ಮುದುಕಿಯೊಬ್ಬಳು ಗುಟ್ಟಾಗಿ ಇಟ್ಟುಕೊಂಡಿದ್ದ ಯೋಗ ಅದು. ಮೈಯಲ್ಲಿ ನೀರು ತುಂಬಿ ಕಾಲು ಹೊಟ್ಟೆಗಳು ಊದಿಕೊಳ್ಳುವ ಬೇನೆಯಲ್ಲಿ, ಕಲಿತ ವೈದ್ಯರು ಕೈಬಿಟ್ಟ ರೋಗಿಗಳನ್ನೂ ಆಕೆ ಕೆಲವೊಮ್ಮೆ ಗುಣಪಡಿಸಿದ್ದಳು. ಯೋಗದಲ್ಲಿ ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಮೂಲಿಕೆಗಳಿದ್ದುವು. ಇವುಗಳಲ್ಲಿ ಕೆಲಸಮಾಡುವುದು ಫಾಕ್ಸ್‌ಗ್ಲವ್ ಒಂದೇ ಎಂಬುದನ್ನು, ಸಸ್ಯಶಾಸ್ತ್ರವನ್ನು ಚೆನ್ನಾಗಿ ಬಲ್ಲ ವಿದರಿಂಗನು ಕಷ್ಟವಿಲ್ಲದೆ ಗುರುತಿಸಿದನು. ಈ ಮುದುಕಿಗೆ ‘ಮದರ್ ಹಟನ್’ ಎಂಬ ಹೆಸರನ್ನು ಎಷ್ಟೋ ಪುಸ್ತಕಗಳು ಹೇಳುತ್ತವೆ. ವಿದರಿಂಗನ ಗ್ರಂಥದಲ್ಲಿ ಆ ಹೆಸರಿಲ್ಲ. ೧೯೨೮ರಲ್ಲಿ ಔಷಧ ತಯಾರಕರ ಒಂದು ಜಾಹೀರಾತಿನಿಂದ ಅದು ಹುಟ್ಟಿಕೊಂಡಿತು. ಚರಿತ್ರೆಯನ್ನು ಬೋಧಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಮುಂದಿನ ಹತ್ತು ವರ್ಷಗಳಲ್ಲಿ ವಿದರಿಂಗನು ಈ ಎಲೆಯನ್ನು ೧೫೦ಕ್ಕೂ ಹೆಚ್ಚು ರೋಗಿಗಳಿಗೆ ಕೊಟ್ಟು, ಪ್ರತಿಯೊಬ್ಬರ ವೃತ್ತಾಂತವನ್ನೂ ಬರೆದಿಟ್ಟು, ೧೭೮೫ರಲ್ಲಿ ಫಾಕ್ಸ್‌ಗ್ಲವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಮೊದಮೊದಲು ತಾನು ಕೊಟ್ಟ ಪ್ರಮಾಣ ಬಹಳ ಹೆಚ್ಚಾಗಿದ್ದಿತೆಂಬುದನ್ನು ಅವನು ಮರೆಮಾಚಲಿಲ್ಲ. ಗುಣವಾದ ರೋಗಿಗಳನ್ನು ಮಾತ್ರ ಆರಿಸಿ ಹೇಳಿದ್ದರೆ ಔಷಧಕ್ಕೂ ತನಗೂ ಕೀರ್ತಿ ಬರುತ್ತಿದ್ದಿತೆಂದೂ, ಸತ್ಯಕ್ಕೆ ಅದು ಸಲ್ಲದಾದುದರಿಂದ ಗುಣವಾದುದು ಆಗದಿದ್ದುದು ಎಲ್ಲವನ್ನೂ ಸೇರಿಸಿರುವುದಾಗಿಯೂ ಅವನು ತಿಳಿಸಿದ್ದಾನೆ. ಮುಂದೆ ಸಂಖ್ಯಾಶಾಸ್ತ್ರವು ಔಷಧಪರೀಕ್ಷೆಗೆ ವಿಧಿಸಿದ ಮೊದಲ ನಿಯಮವನ್ನು ಈ ವೈದ್ಯನು ತನ್ನ ಆತ್ಮಸಾಕ್ಷಿಯಿಂದಲೇ ಪಾಲಿಸಿದನೆನ್ನಬಹುದು.

ಅಳತೆಯ ವಿಷಯದಲ್ಲಿ ಅವನು ತಲುಪಿದ ನಿರ್ಣಯಗಳು ಗಮನಾರ್ಹವಾದುವು. ಬೇರಿನ ಶಕ್ತಿ ಅನಿಶ್ಚಿತವೆಂದು ಎಣಿಸಿ ಅವನು ಅದನ್ನು ಬಿಟ್ಟನು. ಗಿಡ ಹೂಬಿಡುವ ಕಾಲದಲ್ಲಿ ಎಲೆಯನ್ನು ಕೊಯ್ದು, ತೊಟ್ಟನ್ನೂ ನಡುನರವನ್ನೂ ತೆಗೆದು, ಒಣಗಿಸಿ ಪುಡಿಮಾಡಬೇಕು. ಆ ಪುಡಿಯನ್ನು ವಯಸ್ಕರಿಗೆ ಒಂದರಿಂದ ಮೂರು ಗ್ರೇನಿನಂತೆ ದಿನಕ್ಕೆ ಎರಡಾವರ್ತಿ ಕೊಡಬೇಕು. ಮೂತ್ರ, ಹೊಟ್ಟೆ, ನಾಡಿ, ಕರುಳು ಇವುಗಳಲ್ಲಿ ಯಾವುದೊಂದರ ಮೇಲೆ ಪರಿಣಾಮ ಕಂಡುಬಂದರೂ ಕೂಡಲೆ ನಿಲ್ಲಿಸಬೇಕು. ಅತಿಯಾದರೆ ವಾಂತಿ, ತಲೆಸುತ್ತು, ಕಣ್ಣಿಗೆ ವಸ್ತುಗಳು ಹಸುರಾಗಿ ಅಥವಾ ಹಳದಿಯಾಗಿ ತೋರುವುದು, ನಾಡಿ ನಿಮಿಷಕ್ಕೆ ೩೫ರವರೆಗೂ ಇಳಿಯುವುದು, ಕೊನೆಗೆ ಮರಣ, ಇವುಗಳನ್ನು ಅವನು ಸ್ಪಷ್ಟವಾಗಿ ಎಣಿಸಿ ಹೇಳಿದನು. ಔಷಧದ ಪ್ರಮಾಣವನ್ನು ಗ್ರಂಥದ ವಾಕ್ಯ ಗೊತ್ತುಮಾಡಲಾರದು, ರೋಗಿಯ ದೇಹವೇ ಗೊತ್ತುಮಾಡಬೇಕು ಎಂಬುದು ಇದರ ತಾತ್ಪರ್ಯ.

ಯಾರಿಗೆ ಗುಣವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದನ್ನೂ ಅವನು ಗಮನಿಸಿದನು. ನಾಡಿ ಬಿಗಿಯಾಗಿ ಮೈ ಬಲಿಷ್ಠವಾಗಿದ್ದವರಲ್ಲಿ ಫಲ ಕಡಮೆ. ನಾಡಿ ದುರ್ಬಲವಾಗಿ ತಪ್ಪಿತಪ್ಪಿ ಮಿಡಿಯುತ್ತ, ಮುಖ ಬಿಳಚಿ, ತುಟಿ ನೀಲಿಗಟ್ಟಿದವರಲ್ಲಿ ಫಲ ಹೆಚ್ಚು. ಬೇರೆ ಯಾವ ಔಷಧದಲ್ಲಿಯೂ ಕಂಡಿಲ್ಲದಷ್ಟು ಪ್ರಭಾವ ಇದಕ್ಕೆ ಹೃದಯದ ಚಲನೆಯ ಮೇಲೆ ಉಂಟೆಂದೂ ಅವನು ಬರೆದನು. ಆದರೂ ಇದನ್ನು ಪ್ರಧಾನವಾಗಿ ಮೂತ್ರವನ್ನು ಹೆಚ್ಚಿಸುವ ಔಷಧವೆಂದೇ ಅವನು ಎಣಿಸಿದ್ದನು. ಕಂಡದ್ದು ಸರಿ, ಕಾರಣ ಮಾತ್ರ ತಿಳಿಯದು: ಇದು ಆ ಕಾಲದ ವೈದ್ಯದ ಎಲ್ಲೆ.

೩

ವಿದರಿಂಗನು ಹಾಕಿದ ಎಲ್ಲೆಯನ್ನು ಅವನ ಅನಂತರದವರು ಮೀರಿದರು. ಕ್ಷಯ, ಜ್ವರ ಮೊದಲಾದ ಸಂಬಂಧವಿಲ್ಲದ ರೋಗಗಳಿಗೂ ಡಿಜಿಟಾಲಿಸನ್ನು ದೊಡ್ಡ ಪ್ರಮಾಣಗಳಲ್ಲಿ ಕೊಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಹರಡಿತು. ಇದಕ್ಕೆ ವೈದ್ಯರ ಅಲಕ್ಷ್ಯ ಒಂದೇ ಕಾರಣವಲ್ಲ. ಎಲೆ ಎಲೆಗೂ ಶಕ್ತಿ ಬೇರೆ. ತಾನು ಕೊಡುತ್ತಿರುವುದು ಎಷ್ಟೆಂಬುದು ಕೊಡುವವನಿಗೇ ತಿಳಿಯುವಂತಿರಲಿಲ್ಲ. ಆದುದರಿಂದ ಮೊದಲ ಪ್ರಶ್ನೆ, ಎಲೆಯೊಳಗೆ ಕೆಲಸಮಾಡುವ ದ್ರವ್ಯ ಯಾವುದು ಎಂಬುದಾಯಿತು.

ಈ ಪ್ರಶ್ನೆಗೆ ದಾರಿ ತೋರಿದುದು ಅಫೀಮು. ಜರ್ಮನಿಯ ತರುಣ ಔಷಧಕಾರ ಸೆರ್ಟ್ಯುರ್ನರ್ ಎಂಬುವನು ೧೮೦೫ರ ಸುಮಾರಿಗೆ ಅಫೀಮಿನಿಂದ ನಿದ್ರೆಗೆ ಕಾರಣವಾದ ದ್ರವ್ಯವನ್ನು ಬೇರ್ಪಡಿಸಿದನು, ಅದೇ ಮಾರ್ಫೀನ್. ಮೂಲಿಕೆಯ ಗುಣವೆಂಬುದು ತೂಗಿ ಕೊಡಬಹುದಾದ ವಸ್ತುವೆಂಬ ನಂಬಿಕೆ ಇದರಿಂದ ದೃಢವಾಯಿತು. ಡಿಜಿಟಾಲಿಸ್ ಇಷ್ಟು ಸುಲಭವಾಗಿ ವಶವಾಗಲಿಲ್ಲ. ಫ್ರಾನ್ಸಿನ ನಾತಿವೆಲ್ ಎಂಬುವನು ೧೮೬೯ರ ಸುಮಾರಿಗೆ ಹರಳುರೂಪದ ಸಾರವನ್ನು ಪಡೆದನು. ೧೮೭೫ರಲ್ಲಿ ಸ್ಟ್ರಾಸ್‌ಬುರ್ಗಿನ ಓಸ್ವಾಲ್ಡ್ ಶ್ಮೀಡೆಬೆರ್ಗ್ ಡಿಜಿಟಾಕ್ಸಿನ್ ಎಂಬ ಶುದ್ಧದ್ರವ್ಯವನ್ನು ವರ್ಣಿಸಿದನು. ಈ ಶ್ಮೀಡೆಬೆರ್ಗನ ಗುರು ರುಡಾಲ್ಫ್ ಬುಖ್‌ಹೈಮ್. ಔಷಧಗಳ ಕ್ರಿಯೆಯನ್ನು ಪ್ರಯೋಗದಿಂದ ಅರಿಯಬೇಕೆಂದು ೧೮೪೭ರಲ್ಲಿ ಡೋರ್ಪಾಟ್ ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆ ತನ್ನ ಮನೆಯಲ್ಲಿಯೇ ಪ್ರಯೋಗಶಾಲೆಯನ್ನು ತೆರೆದವನು. ಔಷಧವಿಜ್ಞಾನವು ಸ್ವತಂತ್ರಶಾಸ್ತ್ರವಾದುದು ಈ ಗುರುಶಿಷ್ಯರಿಂದಲೇ. ಮುಂದೆ ೧೯೩೦ರಲ್ಲಿ ಇಂಗ್ಲೆಂಡಿನ ಸಿಡ್ನಿ ಸ್ಮಿತ್ ಎಂಬುವನು ಡಿಜಿಟಾಲಿಸಿನ ಇನ್ನೊಂದು ಜಾತಿಯಾದ ಲನಾಟಾದಿಂದ ಡಿಗಾಕ್ಸಿನನ್ನು ಬೇರ್ಪಡಿಸಿದನು. ಇಂದು ವೈದ್ಯರು ಬರೆದುಕೊಡುವುದು ಹೆಚ್ಚಾಗಿ ಇದನ್ನೇ.

೪

ಶುದ್ಧದ್ರವ್ಯ ಎಲ್ಲೆಡೆಯಲ್ಲಿಯೂ ದೊರೆಯುವವರೆಗೆ ಎಲೆಯ ಪುಡಿ ಮತ್ತು ಟಿಂಕ್ಚರುಗಳೇ ಬಳಕೆಯಲ್ಲಿದ್ದುವು. ರಾಸಾಯನಿಕ ತಕ್ಕಡಿಗೆ ಸಿಕ್ಕದ ಇವುಗಳ ಶಕ್ತಿಯನ್ನು ಪ್ರಾಣಿಗಳ ಮೇಲೆ ಅಳೆಯಬೇಕಾಯಿತು. ಕೆಲವರು ಕಪ್ಪೆಯ ಹೃದಯವನ್ನು ನಿಲ್ಲಿಸಲು ಬೇಕಾದ ಪ್ರಮಾಣವನ್ನು ಮಾನವಾಗಿ ಹಿಡಿದರು. ೧೯೧೦ರಲ್ಲಿ ಅಮೆರಿಕದ ಹ್ಯಾಚರ್ ಮತ್ತು ಬ್ರೋಡಿ ಬೆಕ್ಕನ್ನು ಬಳಸಿದರು. ಆಗ ಹೊಸ ತೊಡಕೊಂದು ತಲೆದೋರಿತು. ಒಂದೇ ಟಿಂಕ್ಚರನ್ನು ಒಂದೇ ಪ್ರಮಾಣದಲ್ಲಿ ಕೊಟ್ಟರೂ ಕೆಲವು ಕಪ್ಪೆಗಳು ಸಾಯುತ್ತಿದ್ದುವು, ಕೆಲವು ಉಳಿಯುತ್ತಿದ್ದುವು. ಹಾಗಾದರೆ ‘ಕೊಲ್ಲುವ ಕನಿಷ್ಠ ಪ್ರಮಾಣ’ವೆಂಬುದರ ಅರ್ಥವೇನು?

ಇದಕ್ಕೆ ೧೯೨೭ರಲ್ಲಿ ಇಂಗ್ಲೆಂಡಿನ ಟ್ರೆವಾನ್ ಉತ್ತರಕೊಟ್ಟನು. ಅಂಥ ಒಂದು ಪ್ರಮಾಣ ನಿಸರ್ಗದಲ್ಲಿಯೇ ಇಲ್ಲ. ಪ್ರಮಾಣ ಹೆಚ್ಚಿದಂತೆ ಸಾಯುವ ಪ್ರಾಣಿಗಳ ಪಾಲು ಮೊದಲು ಮೆಲ್ಲಗೆ, ನಡುವೆ ವೇಗವಾಗಿ, ಕೊನೆಗೆ ಮತ್ತೆ ಮೆಲ್ಲಗೆ ಏರುತ್ತದೆ. ರೇಖೆಯನ್ನು ಎಳೆದರೆ ಅದು ಓರೆಯಾಗಿ ಬಾಗಿದ ಇಂಗ್ಲಿಷಿನ ಎಸ್ ಅಕ್ಷರದಂತೆ ಕಾಣುತ್ತದೆ. ಆದುದರಿಂದ ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಪ್ರಮಾಣವನ್ನು ಮಾನವಾಗಿ ಹಿಡಿಯುವುದೇ ಯುಕ್ತವೆಂದು ಅವನು ತೋರಿಸಿದನು. ಜೀವಿಗಳ ನಡುವಣ ವ್ಯತ್ಯಾಸವು ಪ್ರಯೋಗದ ದೋಷವಲ್ಲ, ಅಳೆಯಬೇಕಾದ ವಸ್ತುವೇ ಸರಿ ಎಂಬ ತತ್ತ್ವ ಹೀಗೆ ನೆಲೆಗೊಂಡಿತು. ಇದೇ ದಶಕದಲ್ಲಿ ರಾಷ್ಟ್ರಗಳ ಒಕ್ಕೂಟದ ಆಶ್ರಯದಲ್ಲಿ ಡಿಜಿಟಾಲಿಸ್ ಮುಂತಾದವುಗಳಿಗೆ ಅಂತರರಾಷ್ಟ್ರೀಯ ಮಾನಗಳನ್ನು ಗೊತ್ತುಮಾಡುವ ಕಾರ್ಯವೂ ನಡೆಯಿತು.

ಈ ಪ್ರಶ್ನೆ ಭಾರತಕ್ಕೂ ಸಂಬಂಧಿಸಿದುದು. ತಂಪುದೇಶದಲ್ಲಿ ತಯಾರಾಗಿ ಹಡಗಿನಲ್ಲಿ ಬಂದ ಟಿಂಕ್ಚರು ನಮ್ಮ ಸೆಕೆಯಲ್ಲಿ ಎಷ್ಟು ಕಾಲ ಶಕ್ತಿಯನ್ನು ಉಳಿಸಿಕೊಂಡೀತು? ೧೯೨೧ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಔಷಧವಿಜ್ಞಾನದ ಪ್ರಾಧ್ಯಾಪಕರಾದ ರಾಮನಾಥ ಚೋಪ್ರಾ ಅವರೂ ಅವರ ಸಹೋದ್ಯೋಗಿಗಳೂ ಇದನ್ನು ಪರೀಕ್ಷೆಗೆ ಒಳಪಡಿಸಿದರು. ಮಾರುಕಟ್ಟೆಯ ಔಷಧಗಳ ಶುದ್ಧಿ ಮತ್ತು ಶಕ್ತಿಗಳನ್ನು ವಿಚಾರಿಸಲು ೧೯೩೦ರಲ್ಲಿ ಸರ್ಕಾರವು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರಾದರು. ಆ ಸಮಿತಿಯ ಸಲಹೆಗಳ ಹಿನ್ನೆಲೆಯಲ್ಲಿಯೇ ೧೯೪೦ರ ಔಷಧ ಶಾಸನ ರೂಪುಗೊಂಡಿತು. ಕಪ್ಪೆಯ ಮೇಲೆ ನಡೆದ ಅಳತೆ ಕೊನೆಗೆ ದೇಶದ ಕಾನೂನಾಗಿ ಪರಿಣಮಿಸಿತು.

೫

ದ್ರವ್ಯ ತಿಳಿಯಿತು, ಅಳತೆ ತಿಳಿಯಿತು. ಆದರೆ ಕಾಲು ಊದಿಕೊಂಡವರೆಲ್ಲರಿಗೂ ಔಷಧ ಒಂದೇ ಬಗೆಯಾಗಿ ಫಲಿಸದಿರುವುದೇಕೆ? ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜೇಮ್ಸ್ ಮೆಕೆಂಜಿ ನಾಡಿಯ ಗತಿಯನ್ನು ಯಂತ್ರದಿಂದ ಬರೆದುಕೊಂಡು ಪರಿಶೀಲಿಸುತ್ತಿದ್ದನು. ತೀರ ಅಡ್ಡಾದಿಡ್ಡಿಯಾಗಿ, ವೇಗವಾಗಿ ಮಿಡಿಯುವ ನಾಡಿಯುಳ್ಳವರಿಗೆ ಡಿಜಿಟಾಲಿಸಿನಿಂದ ವಿಶೇಷ ಗುಣ ದೊರೆಯುವುದನ್ನು ಅವನು ಕಂಡನು. ೧೯೦೯ರಲ್ಲಿ ಥಾಮಸ್ ಲೂಯಿಸ್ ಹೃದಯದ ವಿದ್ಯುಲ್ಲೇಖನದ ನೆರವಿನಿಂದ, ಈ ಅಡ್ಡಾದಿಡ್ಡಿ ಮಿಡಿತಕ್ಕೆ ಹೃತ್ಕರ್ಣಗಳ ಕಂಪನವೇ ಕಾರಣವೆಂದು ಸ್ಪಷ್ಟಪಡಿಸಿದನು. ಕಂಪಿಸುವ ಹೃತ್ಕರ್ಣದಿಂದ ಹೊರಡುವ ಲೆಕ್ಕವಿಲ್ಲದ ಪ್ರೇರಣೆಗಳು ಹೃತ್ಕುಕ್ಷಿಯನ್ನು ಬಿಡುವಿಲ್ಲದೆ ಓಡಿಸುತ್ತವೆ. ಡಿಜಿಟಾಲಿಸ್ ಇವೆರಡರ ನಡುವಣ ದಾರಿಯನ್ನು ಇಕ್ಕಟ್ಟುಗೊಳಿಸುತ್ತದೆ. ಹೃತ್ಕುಕ್ಷಿಗೆ ರಕ್ತ ತುಂಬಿಕೊಳ್ಳಲು ಬಿಡುವು ದೊರೆಯುತ್ತದೆ. ರಕ್ತಸಂಚಾರ ಸುಧಾರಿಸಿದ ಮೇಲೆ ಮೂತ್ರಪಿಂಡಗಳು ನಿಂತ ನೀರನ್ನು ಹೊರಗೆ ಕಳುಹುತ್ತವೆ. ವಿದರಿಂಗನು ಕಂಡಿದ್ದ, ತಪ್ಪಿತಪ್ಪಿ ಮಿಡಿಯುವ ನಾಡಿಯ ರೋಗಿಗಳಲ್ಲಿ ಹಲವರು ಇಂಥವರೇ ಆಗಿದ್ದಿರಬೇಕು. ಮೂತ್ರ ಹೆಚ್ಚಿದುದು ಫಲ. ಕ್ರಿಯೆ ನಡೆದುದು ಹೃದಯದಲ್ಲಿ. ಕಣ್ಣಿಗೆ ಕಾಣುವ ಪರಿಣಾಮವನ್ನೂ ಔಷಧದ ನೇರವಾದ ಕ್ರಿಯೆಯನ್ನೂ ಬೇರೆಬೇರೆಯಾಗಿ ತಿಳಿಯಬೇಕೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಅರಿಯೆವು.

ಹೃದಯದಲ್ಲಿ ಕ್ರಿಯೆ ಎಂದರೂ, ಜೀವಕೋಶದ ಯಾವ ಭಾಗದಲ್ಲಿ? ಔಷಧವನ್ನು ಹಿಡಿದುಕೊಳ್ಳುವ ವಿಶೇಷದ್ರವ್ಯ ಜೀವಕೋಶದಲ್ಲಿ ಇರಬೇಕೆಂದು ೧೯೦೫ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿ ಊಹಿಸಿದ್ದನು. ಎರ್ಲಿಖನೂ ಸ್ವತಂತ್ರವಾಗಿ ಇಂಥದೇ ವಿಚಾರವನ್ನು ಬೆಳೆಸಿದ್ದನು. ಬಹುಕಾಲ ಅದು ಊಹೆಯಾಗಿಯೇ ಉಳಿಯಿತು. ಡಿಜಿಟಾಲಿಸಿನ ವಿಷಯದಲ್ಲಿ ಊಹೆ ವಸ್ತುವಾದುದು ೧೯೫೦ರ ದಶಕದಲ್ಲಿ. ಈ ಜಾತಿಯ ದ್ರವ್ಯಗಳು ಕೆಂಪು ರಕ್ತಕಣಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಸಾಗಾಟವನ್ನು ತಡೆಯುತ್ತವೆಂದು ೧೯೫೩ರಲ್ಲಿ ಸ್ವಿಟ್ಜರ್‌ಲೆಂಡಿನ ಶಾಟ್ಸ್‌ಮನ್ ತೋರಿಸಿದನು. ಆ ಸಾಗಾಟವನ್ನು ನಡೆಸುವ ಕಿಣ್ವವನ್ನು ೧೯೫೭ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರದಲ್ಲಿ ಕಂಡುಹಿಡಿದನು. ೧೯೯೭ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅವನಿಗೆ ಪಾಲು ದೊರೆತುದು ಇದಕ್ಕಾಗಿಯೇ. ಈ ಕಿಣ್ವವೇ ಡಿಜಿಟಾಲಿಸಿನ ಗ್ರಾಹಕ. ಅದು ತಡೆಗೊಂಡಾಗ ಜೀವಕೋಶದೊಳಗೆ ಸೋಡಿಯಂ ಹೆಚ್ಚುತ್ತದೆ. ಅದರಿಂದ ಕ್ಯಾಲ್ಸಿಯಂ ಹೊರಹೋಗುವುದು ಕಡಮೆಯಾಗಿ ಒಳಗೆ ಸಂಚಯವಾಗುತ್ತದೆ. ಕ್ಯಾಲ್ಸಿಯಂ ಹೆಚ್ಚಿದಂತೆ ಹೃದಯದ ಸ್ನಾಯು ಬಲವಾಗಿ ಸಂಕುಚಿಸುತ್ತದೆ. ಅದೇ ಕ್ಯಾಲ್ಸಿಯಂ ಮಿತಿಮೀರಿದರೆ ಮಿಡಿತ ತಾಳತಪ್ಪುತ್ತದೆ. ಹೀಗೆ ಗುಣ ಮತ್ತು ವಿಷ ಒಂದೇ ಸ್ಥಾನದಿಂದ ಹೊರಡುತ್ತವೆ. ಆದುದರಿಂದಲೇ ಎಷ್ಟು ಶುದ್ಧಿಗೊಳಿಸಿದರೂ ವಿಷವನ್ನು ಬಿಟ್ಟು ಗುಣವನ್ನಷ್ಟೇ ಪಡೆಯಲಾಗಲಿಲ್ಲ. ಪೊಟ್ಯಾಸಿಯಂ ಇದೇ ಕಿಣ್ವಕ್ಕಾಗಿ ಔಷಧದೊಡನೆ ಸ್ಪರ್ಧಿಸುವುದರಿಂದ, ಮೂತ್ರ ಹೆಚ್ಚಿಸುವ ಗುಳಿಗೆಗಳಿಂದ ಪೊಟ್ಯಾಸಿಯಂ ಕಳೆದುಕೊಂಡವರಿಗೆ ವಿಷ ಬೇಗ ಏರುತ್ತದೆ.

೬

ಇನ್ನು ಕಾಲದ ಪ್ರಶ್ನೆ. ಔಷಧವನ್ನು ನಿಲ್ಲಿಸಿದ ಮೇಲೂ ಅದರ ಪರಿಣಾಮ ಮುಂದುವರಿಯುವುದು ವಿದರಿಂಗನ ಕಾಲದಿಂದಲೂ ತಿಳಿದಿದ್ದಿತು. ಇದರ ಲೆಕ್ಕವನ್ನು ನಾವು ಇಲ್ಲಿ ಬಿಡಿಸಿ ನೋಡುವುದು ಉಚಿತ. ಮೂತ್ರಪಿಂಡಗಳು ಸರಿಯಾಗಿರುವವರಲ್ಲಿ, ದೇಹದಲ್ಲಿರುವ ಡಿಗಾಕ್ಸಿನಿನ ಸುಮಾರು ಮೂರನೆಯ ಒಂದು ಪಾಲು ದಿನವೊಂದಕ್ಕೆ ಹೊರಹೋಗುತ್ತದೆ. ದಿನಕ್ಕೆ ಒಂದು ಗುಳಿಗೆಯನ್ನು ತೆಗೆದುಕೊಂಡರೆ ಸಂಗ್ರಹವು ಏರುತ್ತ ಹೋಗಿ, ಹೊರಹೋಗುವ ಪಾಲು ಒಂದು ಗುಳಿಗೆಗೆ ಸಮನಾದಾಗ ನಿಲ್ಲುತ್ತದೆ. ಎಂದರೆ ಮೂರು ಗುಳಿಗೆಗಳಷ್ಟು ದೇಹದಲ್ಲಿದ್ದಾಗ. ಇದಕ್ಕೆ ಸುಮಾರು ಒಂದು ವಾರ ಬೇಕು. ಮೂತ್ರಪಿಂಡಗಳು ಪೂರ್ತಿ ಕೆಟ್ಟವರಲ್ಲಿ ದಿನಕ್ಕೆ ಹೊರಹೋಗುವುದು ಏಳನೆಯ ಒಂದು ಪಾಲು ಮಾತ್ರ. ಅದೇ ಗುಳಿಗೆ, ಅದೇ ದಿನಚರಿ. ಆದರೆ ಸಂಗ್ರಹ ನಿಲ್ಲುವುದು ಏಳು ಗುಳಿಗೆಗಳಷ್ಟಾದಾಗ, ಅದೂ ಸುಮಾರು ಮೂರು ವಾರಗಳ ಮೇಲೆ. ರೋಗಿ ಗುಣಹೊಂದಿದಂತೆ ತೋರಿ ಮನೆಗೆ ಹೋದ ಮೇಲೆ ವಿಷದ ಲಕ್ಷಣ ಕಾಣಿಸಿಕೊಳ್ಳುವುದು ಹೀಗೆ. ‘ಅರ್ಧಾಯುಷ್ಯ’ವೆಂಬ ಪಾರಿಭಾಷಿಕ ಪದವನ್ನು ಕಲಿಯುವ ವಿದ್ಯಾರ್ಥಿಗಳು ಅದರ ಹಿಂದಿರುವ ಈ ರೋಗಿಯನ್ನು ಕಣ್ಣಮುಂದೆ ತಂದುಕೊಳ್ಳಬೇಕು.

೧೯೬೯ರಲ್ಲಿ ಬಾಸ್ಟನ್ ನಗರದ ಸ್ಮಿತ್, ಬಟ್ಲರ್ ಮತ್ತು ಹೇಬರ್ ಎಂಬುವರು, ಡಿಗಾಕ್ಸಿನನ್ನು ಹಿಡಿಯುವ ಪ್ರತಿಕಾಯಗಳನ್ನು ಬಳಸಿ ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆಯುವ ವಿಧಾನವನ್ನು ಬಳಕೆಗೆ ತಂದರು. ಅಳೆಯಬೇಕಾಗಿದ್ದುದು ಒಂದು ಮಿಲಿಲೀಟರಿನಲ್ಲಿ ಗ್ರಾಮಿನ ನೂರುಕೋಟಿಯ ಒಂದೆರಡು ಪಾಲನ್ನು. ಎರಡು ವರ್ಷಗಳಲ್ಲಿಯೇ ಇದರಿಂದ ಅನಿರೀಕ್ಷಿತವಾದ ಸಂಗತಿಯೊಂದು ಹೊರಬಿದ್ದಿತು. ಲೇಬಲಿನ ಮೇಲೆ ಒಂದೇ ತೂಕವನ್ನು ನಮೂದಿಸಿದ್ದ ಬೇರೆಬೇರೆ ತಯಾರಿಕೆಯ ಗುಳಿಗೆಗಳು ರಕ್ತದಲ್ಲಿ ಹಲವು ಪಟ್ಟು ವ್ಯತ್ಯಾಸವುಳ್ಳ ಮಟ್ಟಗಳನ್ನು ಉಂಟುಮಾಡುತ್ತವೆಂದು ೧೯೭೧ರಲ್ಲಿ ಲಿಂಡೆನ್‌ಬಾಮ್ ಮತ್ತು ಸಂಗಡಿಗರು ತೋರಿಸಿದರು. ನುಂಗಿದುದೆಲ್ಲ ರಕ್ತವನ್ನು ಸೇರುವುದಿಲ್ಲ, ಸೇರುವ ಪಾಲು ಗುಳಿಗೆಯ ತಯಾರಿಕೆಯನ್ನು ಅವಲಂಬಿಸುತ್ತದೆ ಎಂಬ ತತ್ತ್ವ ಅಂದಿನಿಂದ ಔಷಧ ನಿಯಂತ್ರಣದ ಅಂಗವಾಯಿತು.

ಅಳೆಯಲು ಬಂದ ಪ್ರತಿಕಾಯವೇ ಪ್ರತಿವಿಷವೂ ಆಯಿತು. ಕುರಿಯಿಂದ ಪಡೆದ ಪ್ರತಿಕಾಯಗಳ ತುಣುಕುಗಳಿಂದ ತೀವ್ರವಾದ ಡಿಗಾಕ್ಸಿನ್ ವಿಷವನ್ನು ಇಳಿಸಿದ ಮೊದಲ ವರದಿ ೧೯೭೬ರಲ್ಲಿ ಪ್ರಕಟವಾಯಿತು. ಇದು ನಮ್ಮ ನಾಡಿಗೂ ಸಂಬಂಧವಿಲ್ಲದ ವಿಷಯವಲ್ಲ. ಪೂಜೆಗೆ ಕೊಯ್ಯುವ ಕಣಗಿಲೆಯಲ್ಲಿಯೂ, ಬೇಲಿಯಲ್ಲಿ ಬೆಳೆಯುವ ಹಳದಿ ಕಣಗಿಲೆಯಲ್ಲಿಯೂ ಡಿಜಿಟಾಲಿಸಿನ ಬಂಧುಗಳಾದ ದ್ರವ್ಯಗಳೇ ಇವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳ ಆಸ್ಪತ್ರೆಗಳಿಗೆ ಇವುಗಳ ವಿಷಬಾಧೆಯಿಂದ ರೋಗಿಗಳು ಬರುತ್ತಲೇ ಇದ್ದಾರೆ. ಹಳದಿ ಕಣಗಿಲೆಯ ವಿಷದಲ್ಲಿಯೂ ಈ ಪ್ರತಿಕಾಯ ಹೃದಯದ ತಾಳವನ್ನು ಸರಿಪಡಿಸುತ್ತದೆಂದು ೨೦೦೦ದಲ್ಲಿ ಪ್ರಕಟವಾದ ಶ್ರೀಲಂಕಾದ ಒಂದು ನಿಯಂತ್ರಿತ ಪರೀಕ್ಷೆ ಸ್ಥಾಪಿಸಿತು. ಗ್ರಾಹಕ ಒಂದೇ ಆದುದರಿಂದ ವಿಷದ ಲಕ್ಷಣಗಳು ಒಂದೇ. ರಚನೆ ಸಮೀಪವಾದುದರಿಂದ ಪ್ರತಿವಿಷವೂ ಒಂದೇ.

೭

ಕೊನೆಯ ಪ್ರಶ್ನೆಯನ್ನು ಕೇಳಲು ಎರಡು ಶತಮಾನಗಳೇ ಹಿಡಿದುವು: ಈ ಔಷಧ ಆಯುಸ್ಸನ್ನು ಹೆಚ್ಚಿಸುತ್ತದೆಯೆ? ೧೯೯೭ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ, ಹೃದಯದೌರ್ಬಲ್ಯವಿದ್ದು ಮಿಡಿತದ ಕ್ರಮ ಕೆಡದೆ ಇದ್ದ ೬,೮೦೦ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಡಿಗಾಕ್ಸಿನನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ಒಟ್ಟು ಮರಣಗಳ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗ ಉಲ್ಬಣಿಸಿ ಆಸ್ಪತ್ರೆ ಸೇರುವುದು ಮಾತ್ರ ಕಡಮೆಯಾಯಿತು. ೨೦೦೩ರಲ್ಲಿ ಅದೇ ಪರೀಕ್ಷೆಯ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿದಾಗ, ಗಂಡಸರಲ್ಲಿ ರಕ್ತದ ಮಟ್ಟ ಕೆಳಗಿದ್ದವರಲ್ಲಿ ಮರಣ ಕಡಮೆಯಾಗಿಯೂ, ಮೇಲಿದ್ದವರಲ್ಲಿ ಹೆಚ್ಚಾಗಿಯೂ ಇದ್ದುದು ಕಂಡಿತು. ಹಿಂದಿರುಗಿ ಮಾಡಿದ ಇಂಥ ಪರಿಶೀಲನೆ ನಿರ್ಣಾಯಕವಾದ ಪ್ರಮಾಣವಲ್ಲ. ಆದರೂ ಸಣ್ಣ ಪ್ರಮಾಣವೇ ಲೇಸೆಂಬ ಕಡೆಗೆ ಅದು ಕೈತೋರಿತು. ಹಿಂದೆ ಮಿಲಿಲೀಟರಿಗೆ ಎರಡು ನ್ಯಾನೊಗ್ರಾಮಿನವರೆಗೂ ಸಮ್ಮತವೆನಿಸಿದ್ದ ಮಟ್ಟವನ್ನು ವೈದ್ಯರು ಇಂದು ಒಂದಕ್ಕಿಂತ ಕೆಳಗೆ ಇರಿಸಲು ಯತ್ನಿಸುತ್ತಾರೆ.

ಇಷ್ಟರಿಂದ ನಮಗೆ ತೋರುವುದೇನೆಂದರೆ, ಔಷಧವಿಜ್ಞಾನದ ತತ್ತ್ವಗಳೆಲ್ಲವೂ ಎಷ್ಟು ಕೊಡಬೇಕು ಎಂಬ ಒಂದೇ ಪ್ರಶ್ನೆಯ ಕವಲುಗಳು. ಏನನ್ನು ಕೊಡುತ್ತಿದ್ದೇವೆಂದು ತಿಳಿಯದೆ ಎಷ್ಟೆಂದು ಹೇಳಲಾಗದು; ಆದುದರಿಂದ ಶುದ್ಧದ್ರವ್ಯ. ಜೀವಿ ಜೀವಿಗೂ ಭೇದವಿರುವುದರಿಂದ ಸಂಖ್ಯಾಶಾಸ್ತ್ರ. ಒಳಗೆ ಹೋದುದೂ ಹೊರಗೆ ಬಂದುದೂ ತಿಳಿಯಬೇಕಾದುದರಿಂದ ರಕ್ತದ ಅಳತೆ. ಎಲ್ಲಿ ಕೆಲಸಮಾಡುತ್ತದೆಂದು ಅರಿಯದೆ ಮಿತಿಯ ಕಾರಣ ತಿಳಿಯದುದರಿಂದ ಗ್ರಾಹಕದ ವಿಚಾರ. ನಮ್ಮ ವೈದ್ಯಕಾಲೇಜುಗಳಲ್ಲಿ ಈ ಅಧ್ಯಾಯವನ್ನು ಬೋಧಿಸುವ ಅಧ್ಯಾಪಕರು ಯಾವುದಾದರೂ ಒಂದು ಔಷಧದ ಚರಿತ್ರೆಯನ್ನು ಆದ್ಯಂತವಾಗಿ ಹೇಳಿ, ತತ್ತ್ವಗಳನ್ನು ಅದರಿಂದಲೇ ಎತ್ತಿ ತೋರಿಸುವುದು ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ. ಹಾಗೆ ಕಲಿತವರು ಮುದುಕರಾದ ರೋಗಿಯೊಬ್ಬರಿಗೆ ಡಿಗಾಕ್ಸಿನ್ ಬರೆದುಕೊಡುವ ಮೊದಲು ಮೂತ್ರಪಿಂಡಗಳ ಸ್ಥಿತಿಯನ್ನೂ ರಕ್ತದ ಪೊಟ್ಯಾಸಿಯಮನ್ನೂ ವಿಚಾರಿಸುತ್ತಾರೆ. ಎರಡು ವಾರಗಳ ಮೇಲೆ ರೋಗಿಗೆ ಊಟ ಸೇರದಿದ್ದರೆ, ಅಥವಾ ದೀಪದ ಸುತ್ತ ಹಳದಿ ಕಂಡಿತೆಂದರೆ, ಗುಳಿಗೆಯನ್ನು ಮೊದಲು ನಿಲ್ಲಿಸಿ ಆಮೇಲೆ ಕಾರಣವನ್ನು ಹುಡುಕುತ್ತಾರೆ.